ಎವರಿಸ್ತೊನ ದವಡೆಹಲ್ಲು ಮತ್ತು ದಕ್ಷಿಣದ ಗಡಿ

ಸಾಂತಾ ಅಪೊಲೋನಿಯಾ ಪಟ್ಟಣದಲ್ಲಿ ವಾಸದ ಮನೆಗಳಿಗಿಂತ ಹಲ್ಲಿನ ದವಾಖಾನೆಗಳು ಹೆಚ್ಚು ಎಂಬುದು ಪುರಸಭೆಯ ಕಡತದಲ್ಲಿರುವ ಸಂಗತಿ. ಉತ್ತರಕ್ಕೆ ಗೋಡೆ, ಗೋಡೆಯಾಚೆ ಅಮೆರಿಕ. ದಕ್ಷಿಣಕ್ಕೆ ಹತ್ತಿ ಹೊಲ, ಹೊಲದಾಚೆ ಉಳಿದ ಮೆಕ್ಸಿಕೊ. ನಡುವೆ ನಾಲ್ಕು ಬೀದಿ. ಆ ನಾಲ್ಕು ಬೀದಿಗಳಲ್ಲಿ ಹಲ್ಲು ಕೀಳುವವರು, ಕಟ್ಟುವವರು, ಬೆಳ್ಳಗೆ ಮಾಡುವವರು, ಅಚ್ಚು ತೆಗೆಯುವವರು ಇವರನ್ನು ಬಿಟ್ಟರೆ ಒಂದು ಚರ್ಚು, ಒಂದು ಶಾಲೆ. ಶಾಲೆಯ ಕೆಳಗಿನ ಅಂತಸ್ತನ್ನು ರೂಟ್ ಕೆನಾಲ್ ಮಾಡುವವರಿಗೆ ಬಾಡಿಗೆಗೆ ಕೊಟ್ಟ ಮೇಲೆ ಮಕ್ಕಳು ಮೇಲಿನ ಅಂತಸ್ತಿನಲ್ಲಿ ಕೂತು ಮಗ್ಗಿ ಹೇಳುತ್ತಾರೆ, ಸಣ್ಣ ದನಿಯಲ್ಲಿ.

ಊರನ್ನು ಕಾಯುವ ಸಂತ ಹಿಂದೆ ರೈತರ ಇಸಿದ್ರೊ ಆಗಿದ್ದ. ಹತ್ತಿ ಹೋಗಿ ಹಲ್ಲು ಬಂದ ಮೇಲೆ ಪುರಸಭೆಯು ಸರ್ವಾನುಮತದ ನಿರ್ಣಯ ಮಾಡಿ ಸದರಿ ಸಂತನನ್ನು ಸೇವೆಯಿಂದ ಬಿಡುಗಡೆಗೊಳಿಸಿತು. ಹಲ್ಲು ಕೀಳಿಸಿಕೊಂಡು ಹುತಾತ್ಮಳಾದ ಅಪೊಲೋನಿಯಾಳನ್ನು ಆ ಸ್ಥಾನಕ್ಕೆ ನೇಮಿಸಿ, ಊರಿನ ಹೆಸರನ್ನೂ ಅವಳಿಗೇ ಕೊಟ್ಟಿತು. ಇಸಿದ್ರೊನ ವಿಗ್ರಹ ಈಗ ನೀರಿನ ಟ್ಯಾಂಕಿನ ಪಕ್ಕದ ಶೆಡ್ಡಿನಲ್ಲಿದೆ. ಪಿಂಚಣಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಗೋಡೆಯಾಚೆಯಿಂದ ರೋಗಿಗಳು ಬರುವುದಕ್ಕೆ ಕಾರಣವಿದೆ. ಆಚೆಯ ಮುದುಕರ ಆರೋಗ್ಯ ವಿಮೆಯವರು ಮನುಷ್ಯನ ದೇಹವನ್ನು ಕೂಲಂಕಷವಾಗಿ ಪರಿಶೀಲಿಸಿ, ಹಲ್ಲು ದೇಹದ ಭಾಗವಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಮೊಣಕಾಲು ಭಾಗ, ಪಿತ್ತಕೋಶ ಭಾಗ. ಹಲ್ಲು ಮಾತ್ರ ಮನುಷ್ಯ ಹವ್ಯಾಸಕ್ಕೆ ಇಟ್ಟುಕೊಂಡದ್ದು. ಹೀಗಾಗಿ ಚಳಿಗಾಲ ಬಂತೆಂದರೆ ಉತ್ತರದ ಹಿಮದ ಊರುಗಳಿಂದ ಮುದುಕ ಮುದುಕಿಯರು ಮನೆಯಂಥ ವ್ಯಾನುಗಳಲ್ಲಿ ಮರುಭೂಮಿಗೆ ಬಂದು ಬೀಡುಬಿಟ್ಟು, ಬೆಳಿಗ್ಗೆ ನಡೆದು ಗಡಿ ದಾಟಿ, ಹವ್ಯಾಸ ಮುಗಿಸಿಕೊಂಡು ಸಂಜೆಯೊಳಗೆ ವಾಪಸಾಗುತ್ತಾರೆ.

ಅವರನ್ನು ಗೇಟಿನ ಬಾಯಲ್ಲೇ ಹಿಡಿಯುವುದು ಎವರಿಸ್ತೊನ ಕೆಲಸ. ಅವನನ್ನು ಊರಲ್ಲಿ ‘ಕರೆಯುವವ’ ಅನ್ನುತ್ತಾರೆ. ಆಚೆಯಿಂದ ಬಂದ ರೋಗಿ ಎಡಬಲ ನೋಡುವಷ್ಟರಲ್ಲಿ ಅವನ ಹೆಗಲ ಮೇಲೆ ಕೈಹಾಕಿ, ಮಾತಾಡಿಸುತ್ತಾ ನಡೆಸಿಕೊಂಡು ಹೋಗಿ ಡಾಕ್ಟರ ಕುರ್ಚಿಗೆ ಮುಟ್ಟಿಸಿದರೆ ಅವನ ಪಾಲು ಅವನಿಗೆ. ಇಂಗ್ಲಿಷಿನಲ್ಲಿ ಎವರಿಸ್ತೊನಿಗೆ ಬರುತ್ತಿದ್ದದ್ದು ಮೂರೇ ಮಾತು. ನೋವಿಲ್ಲ ಗೆಳೆಯಾ, ಒಳ್ಳೇ ರೇಟು, ಇವತ್ತೇ ಮುಗಿಯುತ್ತೆ. ಈ ಮೂರು ಮಾತಿನಲ್ಲಿ ಅವನು ಸಂಸಾರ ಸಾಗಿಸಿದ್ದ, ಮಗಳ ಮದುವೆ ಮಾಡಿದ್ದ. ಜೊತೆಗೆ ಒಂದು ನಗು ಇತ್ತು. ಬಾಯ್ತುಂಬ ಹಲ್ಲು ತೋರಿಸಿ ಎವರಿಸ್ತೊ ನಕ್ಕರೆ ಎಂಥ ಅನುಮಾನದ ಮುದುಕಿಗೂ, ಈ ಊರಲ್ಲಿ ಹಲ್ಲು ಚೆನ್ನಾಗಿ ಕಟ್ಟುತ್ತಾರೆ ಅನಿಸಿಬಿಡುತ್ತಿತ್ತು. ಅವೆಲ್ಲ ಅವನ ಸ್ವಂತ ಹಲ್ಲು ಅಂತ ಯಾರಿಗೂ ಹೇಳಬಾರದೆಂದು ಹೆಂಡತಿ ನಿಯೆವೆಸ್ ತಾಕೀತು ಮಾಡಿದ್ದಳು.

ಆಗ ಬಂತು ಆ ದೂರು. ಆಚೆಯ ಹೆಂಗಸೊಬ್ಬಳು ಇಂಟರ್ನೆಟ್ಟಿನಲ್ಲಿ ಊರಿಗೆ ಒಂದೇ ನಕ್ಷತ್ರ ಕೊಟ್ಟು ಹೀಗೆ ಬರೆದಳು: ಡಾಕ್ಟರು ಒಳ್ಳೆಯವರು, ಆದರೆ ನನಗಿಂತ ಮುಂದೆ ಊರಿನವಳೊಬ್ಬಳು ಅಳುವ ಮಗುವನ್ನು ಎತ್ತಿಕೊಂಡು ಕೂತಿದ್ದಳು, ನನಗೆ ಯಾವುದೋ ಬೇರೆ ದೇಶಕ್ಕೆ ಬಂದ ಹಾಗಾಯಿತು. ಪುರಸಭೆ ಅಧ್ಯಕ್ಷ ದೋನ್ ಅನ್ಸೆಲ್ಮೊ ಇದನ್ನು ಓದಿ ಮಧ್ಯಾಹ್ನದ ನಿದ್ದೆ ಬಿಟ್ಟರು ಎಂದು ಬಲ್ಲವರು ಹೇಳುತ್ತಾರೆ. ತುರ್ತು ಸಭೆ ಸೇರಿತು. ಸಭೆಯ ಕೊನೆಗೆ ಈ ಕೆಳಕಂಡ ಪ್ರಕಟಣೆಯನ್ನು ಚರ್ಚಿನ ಬಾಗಿಲಿಗೆ ಅಂಟಿಸಲಾಯಿತು:

"ಪಟ್ಟಣದ ನಾಲ್ಕೂ ಬೀದಿಗಳನ್ನು ಇಂದಿನಿಂದ ಅಂತಾರಾಷ್ಟ್ರೀಯ ನಗೆ ವಲಯ ಎಂದು ಘೋಷಿಸಲಾಗಿದೆ. ಸದರಿ ವಲಯದಲ್ಲಿ ರೋಗಿ ಎಂದರೆ ಗಡಿಯ ಗೇಟು ದಾಟಿ ಬಂದ ವ್ಯಕ್ತಿ. ಗೇಟು ದಾಟದೆ ಇರುವ ವ್ಯಕ್ತಿಗೆ ನೋವಿದ್ದಲ್ಲಿ ಅದನ್ನು ಅವರ ಖಾಸಗಿ ವಿಷಯವೆಂದು ಪರಿಗಣಿಸತಕ್ಕದ್ದು. ವಿದೇಶಿ ರೋಗಿಗಳು ಸಂಜೆ ಗೇಟು ಮುಚ್ಚುವುದರೊಳಗೆ ದೇಶ ಬಿಡತಕ್ಕದ್ದು. ಅವರು ಹೊರಡುವಾಗ ಸ್ಥಳೀಯರು ನಗುಮೊಗದಿಂದ ‘ಮತ್ತೆ ಬನ್ನಿ’ ಎನ್ನತಕ್ಕದ್ದು. ತಪ್ಪಿದವರ ಕುರ್ಚಿಗೆ ಬೀಗಮುದ್ರೆ."

ಸಭೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎವರಿಸ್ತೊ ಎಲ್ಲರಿಗಿಂತ ಜೋರಾಗಿ ತಟ್ಟಿದ. ರೋಗಿಗಳು ಹೆಚ್ಚಿದರೆ ಅವನಿಗೇ ಲಾಭ. ಆಗ ಅವನ ಬಾಯಲ್ಲಿ ಎಲ್ಲ ಸರಿಯಿತ್ತು.

ಪ್ರಕಟಣೆಯ ಜಾರಿಗೆ ಒಬ್ಬ ನಗೆ ನಿರೀಕ್ಷಕ ಬೇಕಾಯಿತು. ಆ ಹುದ್ದೆ ತ್ರಿನಿಗೆ ಸಿಕ್ಕಿತು. ತ್ರಿನಿಯೂ ಮೊದಲು ಕರೆಯುವವನೇ. ಎವರಿಸ್ತೊನ ಮಗಳಿಗೆ ಚರ್ಚಿನಲ್ಲಿ ಜ್ಞಾನಸ್ನಾನದ ನೀರು ಹಾಕುವಾಗ ಮಗುವನ್ನು ಎತ್ತಿಕೊಂಡಿದ್ದವನು ಇವನೇ, ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ‘ಕಂಪಾದ್ರೆ’ ಅನ್ನುತ್ತಿದ್ದರು. ಕರೆಯುವವರು ದಿನಾ ಬೆಳಿಗ್ಗೆ ತ್ರಿನಿಯ ಮುಂದೆ ಸಾಲಾಗಿ ನಿಂತು ನಕ್ಕು ತೋರಿಸಬೇಕು. ನಗು ಸರಿಯಿದ್ದರೆ ಅಂದಿನ ಬಿಲ್ಲೆ ಕೊಡುತ್ತಾನೆ. ಬಿಲ್ಲೆ ಇಲ್ಲದೆ ಗೇಟಿನ ಹತ್ತಿರ ಸುಳಿಯುವಂತಿಲ್ಲ.

ಚಳಿಗಾಲದ ವ್ಯಾನುಗಳು ಬಂದು ಸೇರುವ ಹೊತ್ತಿಗೆ ಸರಿಯಾಗಿ ಎವರಿಸ್ತೊನ ಬಲಗಡೆಯ ಕೆಳದವಡೆ ಹಲ್ಲು ಕೈಕೊಟ್ಟಿತು. ಮೊದಲು ತಣ್ಣೀರು ತಾಗಿದರೆ ಜುಮ್ಮೆಂದಿತು. ಆಮೇಲೆ ಬಿಸಿ ತಾಗಿದರೂ ಅಂದಿತು. ಆಮೇಲೆ ಏನೂ ತಾಗದೆಯೂ ಅನ್ನತೊಡಗಿತು. ಲವಂಗ ಕಚ್ಚಿಕೊಂಡು, ಹಗಲೆಲ್ಲ ಗೇಟಿನಲ್ಲಿ ನಿಂತು ಆಚೆಯವರಿಗೆ ನೋವಿಲ್ಲ ಗೆಳೆಯಾ ಅಂತ ಕೂಗಿದ. ಒಂದು ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಂಡರೆ ಕೆನ್ನೆ ಬನ್ನಿನ ಹಾಗೆ ಉಬ್ಬಿತ್ತು.

"ನಗು," ಅಂದ ತ್ರಿನಿ.

ಎವರಿಸ್ತೊ ನಕ್ಕ.

"ಅರ್ಧ ಮುಖ ಮಾತ್ರ ನಗ್ತಿದೆಯಲ್ಲೋ ಕಂಪಾದ್ರೆ. ಇನ್ನರ್ಧ ಸಾವಿಗೆ ಬಂದವರ ಹಾಗಿದೆ."

"ಹಲ್ಲುನೋವು ಕಣೋ."

"ಅದು ನಿನ್ನ ಖಾಸಗಿ ವಿಷಯ," ಅಂದ ತ್ರಿನಿ. ಪಾಪ, ಸಂಕಟದಿಂದಲೇ ಅಂದ. ಬಿಲ್ಲೆ ಕೊಡಲಿಲ್ಲ. ಮುಖ ಮೊದಲಿನಂತಾಗುವವರೆಗೆ ಎವರಿಸ್ತೊನನ್ನು ಅಮಾನತಿನಲ್ಲಿಟ್ಟಿದೆ ಎಂದು ಬರೆದು, ಸಂಜೆ ತನ್ನ ಹೆಂಡತಿ ಕೈಯಲ್ಲಿ ಒಂದು ಪಾತ್ರೆ ಕೋಳಿಸಾರು ಕೊಟ್ಟು ಕಳಿಸುತ್ತೇನೆ ಅಂದ. ಕಳಿಸಿದ ಕೂಡ. ಎವರಿಸ್ತೊನಿಗೆ ಅದನ್ನು ನುಂಗಲಾಗಲಿಲ್ಲ.

ಎವರಿಸ್ತೊ ಸೀದಾ ಡಾಕ್ಟರ್ ಒಬ್ದುಲಿಯಾಳ ಹತ್ತಿರ ಹೋದ. ಅವಳು ಅವನೊಂದಿಗೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಅವಳ ಕುರ್ಚಿಯಲ್ಲಿ ಇಷ್ಟು ವರ್ಷ ಕೂತ ಬಾಯಿಗಳಲ್ಲಿ ಮುಕ್ಕಾಲು ಪಾಲು ಎವರಿಸ್ತೊ ಕರೆತಂದವೇ. ಹಿಂಬಾಗಿಲಲ್ಲಿ ನಿಲ್ಲಿಸಿಕೊಂಡು, ಬ್ಯಾಟರಿ ಬಿಟ್ಟು ಅವನ ಬಾಯಿ ನೋಡಿ ಅವಳ ಮುಖ ಸಣ್ಣದಾಯಿತು. ಕೀವು ಕೆಳಕ್ಕೆ ಇಳಿಯುತ್ತಿದೆ, ಕತ್ತಿಗೆ ಇಳಿದರೆ ಉಸಿರಿಗೇ ಕುತ್ತು, ಬೇಗ ಕೀಳಬೇಕು ಅಂದಳು.

"ಹಾಗಾದರೆ ಕೀಳೇ."

"ಹೇಗೋ ಕೀಳಲಿ? ನೀನು ಗೇಟು ದಾಟಿಲ್ಲ. ಬೀಗ ಹಾಕಿದರೆ ಒಳಗೆ ಕೆಲಸ ಮಾಡೋ ಹುಡುಗಿಯರೆಲ್ಲ ಮನೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗೆ ಓಡು, ಇವತ್ತೇ ಓಡು."

ಬಸ್ಸು ಹತ್ತಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗೆ ಓಡಿದ. ಅಲ್ಲಿ ದಂತ ವಿಭಾಗ ಎಂಬ ಬೋರ್ಡು ಇತ್ತು, ವಿಭಾಗ ಇರಲಿಲ್ಲ. ಅಲ್ಲಿಯ ದಂತವೈದ್ಯರು ದೇಶಕ್ಕೆ ವಿದೇಶಿ ಹಣ ತರುವ ಸಲುವಾಗಿ ನಗೆ ವಲಯಕ್ಕೆ ನಿಯೋಜನೆ ಮೇಲೆ ಹೋಗಿದ್ದರು. ಹೋಗುವಾಗ ಕುರ್ಚಿಯನ್ನೂ ನಿಯೋಜನೆ ಮೇಲೆ ಒಯ್ದಿದ್ದರು. ಸುತ್ತಲ ಊರುಗಳ ಖಾಸಗಿ ದಂತವೈದ್ಯರೂ ಗೋಡೆಯ ನೆರಳಿಗೆ ಬಂದು ಸೇರಿ ಬಹಳ ಕಾಲವಾಗಿತ್ತು. ಅಷ್ಟು ದೂರ ಬಂದವನನ್ನು ಬರಿಗೈಯಲ್ಲಿ ಕಳಿಸುವುದು ಸರಿಯಲ್ಲ ಎಂದು ನರ್ಸಮ್ಮ, ನಾಯಿ ಕಚ್ಚಿದ್ದಕ್ಕೆ ಹಾಕುವ ಚುಚ್ಚುಮದ್ದು ದಾಸ್ತಾನಿದೆ, ಬೇಕಾದರೆ ಅದನ್ನು ಹಾಕುತ್ತೇನೆ ಅಂದಳು. ಎವರಿಸ್ತೊ ಬೇಡ ಅಂದ. ಅವಳು ಮುಖ ಊದಿಸಿಕೊಂಡಳು.

ಊರಿಗೆ ವಾಪಸು ಬಂದಾಗ ಬೀದಿಯಲ್ಲಿ ವೆಂಡೆಲ್ ಸಿಕ್ಕ. ವೆಂಡೆಲ್ ಗೋಡೆಯಾಚೆಯ ಆಯೊವದ ಕಡೆಯವನು, ನಿವೃತ್ತ ಶಾಲಾ ಬಸ್ ಡ್ರೈವರು. ಪ್ರತಿ ಚಳಿಗಾಲ ಎವರಿಸ್ತೊ ಕರೆದಲ್ಲಿಗೇ ಬಂದು, ಬಾಯಿ ತೆರೆ ಅಂದರೆ ತೆರೆದು, ಹೋಗುವಾಗ ನಿಯೆವೆಸಳ ತಿಂಡಿ ಗಾಡಿಯಲ್ಲಿ ಎರಡು ಮೀನಿನ ಟಾಕೊ ತಿಂದು ಹೋಗುವ ದೊಡ್ಡ ಮನುಷ್ಯ. ಎವರಿಸ್ತೊನ ಕೆನ್ನೆ ನೋಡಿ ಕಕ್ಕಾಬಿಕ್ಕಿಯಾದ. ಇಷ್ಟೊಂದು ಡಾಕ್ಟರ ನಡುವೆ ನಿಂತು ಹಲ್ಲು ತೋರಿಸಲಾಗದೆ ಒದ್ದಾಡುವುದು ಎಂಥ ವಿಚಿತ್ರ ಎಂದು ಅವನು ಹೇಳುತ್ತಾನೆ ಅಂತ ಎವರಿಸ್ತೊ ಕಾದ. ವೆಂಡೆಲ್ ಹಾಗೇನೂ ಹೇಳಲಿಲ್ಲ. ನಮ್ಮಲ್ಲೂ ಹಾಗೇ ಅಂತ ತನ್ನ ಹರಕುಮುರುಕು ಸ್ಪ್ಯಾನಿಷಿನಲ್ಲಿ ಅಂದ. ಅಂದು, ಔಷಧಿ ಅಂಗಡಿಗೆ ಹೋಗಿ, ತನಗೇ ಹಲ್ಲುನೋವು ಎಂದು ಸುಳ್ಳು ಹೇಳಿ ಮಾತ್ರೆ ತಂದು ಎವರಿಸ್ತೊನ ಜೇಬಿಗೆ ತುರುಕಿದ. ವಲಯದಲ್ಲಿ ಆ ಮಾತ್ರೆಗಳನ್ನೂ ಗೇಟು ದಾಟಿದವರಿಗೆ ಮಾತ್ರ ಕೊಡುತ್ತಿದ್ದರು. ಆ ಮಾತ್ರೆಗಳೇ ಅವನ ಜೀವ ಹಿಡಿದಿಟ್ಟವು.

ಗೇಟು ದಾಟಿದರೆ ತಾನೇ ರೋಗಿ? ದಾಟಿಯೇ ಬಿಡೋಣ ಎಂದು ಎವರಿಸ್ತೊ ವೀಸಾ ಕಚೇರಿಗೆ ಫೋನು ಮಾಡಿದ. ಆಚೆಗೆ ಯಾಕೆ ಹೋಗಬೇಕು ಎಂದು ಕೇಳಿದರು. ಆಚೆಗೆ ಹೋಗಬೇಕಾಗಿಲ್ಲ, ಆಚೆಯಿಂದ ಬರಬೇಕು ಅಂದ. ಬಂದು ಏನು ಮಾಡುತ್ತೀ ಎಂದರು. ಹಲ್ಲು ಕೀಳಿಸುತ್ತೇನೆ ಅಂದ. ಹಲ್ಲಿಗಾಗಿ ಆಚೆಯಿಂದ ಈಚೆಗೆ ಬರುವವರನ್ನು ನೋಡಿದ್ದೇವೆ, ಈಚೆಯಿಂದ ಆಚೆಗೆ ಹೋಗಿ ಈಚೆಗೆ ಬರುವವನನ್ನು ನೋಡಿಲ್ಲ, ಇದರಲ್ಲಿ ಏನೋ ಇದೆ ಎಂದು ಫೋನು ಇಟ್ಟರು.

ಆ ಹೊತ್ತಿಗೆ ಉಬ್ಬು ಕಣ್ಣಿನವರೆಗೆ ಏರಿತ್ತು. ಒಂದು ಕಣ್ಣು ಮುಚ್ಚಿಯೇ ಹೋಯಿತು. ಜ್ವರವೂ ಬಂತು. ನಿಯೆವೆಸ್ ಟಾಕೊ ಗಾಡಿಯನ್ನು ಮುಚ್ಚಿ, ಅವನ ಹಣೆ ಮುಟ್ಟಿ ನೋಡಿ, ಅವನ ಕೈ ಹಿಡಿದು ಎಳೆದುಕೊಂಡು ಪುರಸಭೆಗೆ ನಡೆದಳು. ಅವಳಿಗೆ ಹೆದರಿಕೆಯಾಗಿತ್ತು. ಹೆದರಿದಾಗ ಅವಳ ನಡಿಗೆ ಜೋರಾಗುತ್ತಿತ್ತು.

ದೋನ್ ಅನ್ಸೆಲ್ಮೊ ಇಬ್ಬರನ್ನೂ ಕೂರಿಸಿ ಕಾಫಿ ತರಿಸಿದರು. ನಿಯೆವೆಸ್ ಕಾಫಿ ಮುಟ್ಟಲಿಲ್ಲ.

"ಆ ಪ್ರಕಟಣೆಯಲ್ಲಿ ಒಂದೇ ಒಂದು ಸಾಲು ತೆಗೆದುಬಿಡಿ ಸ್ವಾಮಿ," ಅಂದಳು. "ಇವನು ಸಾಯ್ತಾನೆ."

"ತಾಯೀ, ಸಾಲು ತೆಗೆದರೆ ಮೊದಲು ತಪ್ಪು ಮಾಡಿದ್ದೆವು ಅಂತ ಆಗುತ್ತೆ," ಅಂದರು ದೋನ್ ಅನ್ಸೆಲ್ಮೊ ಸಮಾಧಾನದಿಂದ. "ಅದರ ಬದಲು ಇವನಿಗೊಂದು ಗಡಿ ಮಾಡಿಕೊಟ್ಟರೆ ಅಭಿವೃದ್ಧಿ ಅಂತ ಆಗುತ್ತೆ. ತಪ್ಪಿಗೆ ದುಡ್ಡು ಕೊಡೋರು ಯಾರೂ ಇಲ್ಲ. ಅಭಿವೃದ್ಧಿಗೆ ರಾಜಧಾನಿಯಲ್ಲಿ ಇಲಾಖೆಯೇ ಇದೆ."

ಅವರ ಲೆಕ್ಕಾಚಾರ ಸರಿಯಾಗಿಯೇ ಇತ್ತು. ವಿದೇಶಿ ರೋಗಿಗಳ ಸಂಖ್ಯೆ ಏರಿದಷ್ಟೂ ವಲಯಕ್ಕೆ ಅನುದಾನ ಏರುತ್ತದೆ. ಊರಿನವರನ್ನೇ ವಿದೇಶಿಯರನ್ನಾಗಿ ಮಾಡಿಬಿಟ್ಟರೆ ಚಳಿಗಾಲಕ್ಕೆ ಕಾಯಬೇಕಾಗಿಲ್ಲ, ವರ್ಷವಿಡೀ ರೋಗಿಗಳು. ಮೂಲ ಪ್ರಕಟಣೆಯಲ್ಲಿ ಗೇಟು ಎಂದಿತ್ತೇ ವಿನಾ ಯಾವ ದಿಕ್ಕಿನ ಗೇಟು ಎಂದಿರಲಿಲ್ಲ. ಹಾಗಾಗಿ ದಕ್ಷಿಣದ ಬೀದಿಯ ಕೊನೆಯಲ್ಲಿ, ಟೋರ್ಟಿಯ ರೊಟ್ಟಿ ಅಂಗಡಿಯ ಪಕ್ಕ, ಉಳಿದ ಮೆಕ್ಸಿಕೊಕ್ಕೂ ಪಟ್ಟಣಕ್ಕೂ ನಡುವೆ ಒಂದು ಗಡಿ ತೆರೆಯುವುದೆಂದು ತೀರ್ಮಾನವಾಯಿತು. ಹಳೆಯ ದನದ ದೊಡ್ಡಿಯ ಗೇಟು ಸಿಕ್ಕಿತು. ಅದಕ್ಕೆ ಹಸಿರು ಬಣ್ಣ ಬಳಿದು, ಒಂದು ಮೇಜು, ಒಂದು ಕೊಡೆ, ಒಂದು ಮುದ್ರೆ ಇಟ್ಟು, ನಗೆ ನಿರೀಕ್ಷಕ ತ್ರಿನಿಗೆ ಗಡಿ ಅಧಿಕಾರಿಯ ಹೆಚ್ಚುವರಿ ಹೊಣೆ ವಹಿಸಲಾಯಿತು. ಗೇಟಿನ ಎರಡೂ ಬದಿಗೆ ಮುಳ್ಳುತಂತಿ ಎಳೆದರು, ಗೋಡೆಗೆ ಮುಂದಿನ ಬಜೆಟ್ಟಿನಲ್ಲಿ ನೋಡೋಣ ಎಂದು.

ಈಗ ಎವರಿಸ್ತೊ ಹೊರಗಿನಿಂದ ಒಳಗೆ ಬಂದರಾಯಿತು. ಆದರೆ ಅವನು ಒಳಗಿದ್ದ. ಹೊರಗೆ ಬಿಡು ಎಂದು ತ್ರಿನಿಯನ್ನು ಕೇಳಿದ್ದಕ್ಕೆ, ಹೊರಡುವ ಮುದ್ರೆ ಒತ್ತಬೇಕಾದರೆ ಒಳಬಂದ ಮುದ್ರೆ ಇರಬೇಕು, ನೀನು ಒಳಗೆ ಬಂದದ್ದಕ್ಕೆ ಪುರಾವೆ ಎಲ್ಲಿ ಅಂದ. ಇಲ್ಲೇ ಹುಟ್ಟಿದೆ ಅಂದ ಎವರಿಸ್ತೊ. ಹುಟ್ಟುವುದು ಅಧಿಕೃತ ಪ್ರವೇಶದ್ವಾರಗಳ ಪಟ್ಟಿಯಲ್ಲಿಲ್ಲ ಅಂದ ತ್ರಿನಿ. ಆಮೇಲೆ ಸುತ್ತ ನೋಡಿ, ನೀರಾವರಿ ಕಾಲುವೆಯ ಹತ್ತಿರ ತಂತಿ ಸಡಿಲವಿದೆ, ತಾನು ಈಗ ಚರ್ಚಿನ ಗಡಿಯಾರ ನೋಡುತ್ತೇನೆ ಅಂತ ಹೇಳಿ ಆ ಕಡೆ ತಿರುಗಿ ನಿಂತ. ಹಾಗೆ ಎವರಿಸ್ತೊ ಸುಡುವ ಜ್ವರದಲ್ಲಿ ತಂತಿಯ ಕೆಳಗೆ ನುಸುಳಿ ತನ್ನ ಊರಿನಿಂದ ಅಕ್ರಮವಾಗಿ ಹೊರಬಿದ್ದ. ಅಂಗಿ ಹರಿಯಿತು.

ಉದ್ಘಾಟನೆಯ ದಿನ ಬ್ಯಾಂಡು ಬಂತು. ಮುಖ್ಯ ಅತಿಥಿಯಾಗಿ, ವಲಯದ ಅತಿ ಹಿರಿಯ ವಿದೇಶಿ ರೋಗಿ ಎಂಬ ನೆಲೆಯಲ್ಲಿ, ವೆಂಡೆಲ್‌ನನ್ನು ಕರೆದಿದ್ದರು. ಅವನು ಹೊಸ ಹಲ್ಲುಗಳನ್ನೆಲ್ಲ ತೋರಿಸಿ ಮಾತಾಡಿದ. ಪರದೇಶದಲ್ಲಿ ಚಿಕಿತ್ಸೆಗೆ ಬರುವುದು ಸುಲಭವಲ್ಲ, ಭಾಷೆ ತಿಳಿಯುವುದಿಲ್ಲ, ನೀರು ಒಗ್ಗುವುದಿಲ್ಲ, ಆದರೆ ಈ ಜನ ತುಂಬ ಒಳ್ಳೆಯವರು, ಹೊಸದಾಗಿ ಬರುತ್ತಿರುವ ನಮ್ಮ ವಿದೇಶಿ ಬಂಧು ಹೆದರಬೇಕಾಗಿಲ್ಲ ಎಂದು ಎವರಿಸ್ತೊನಿಗೆ ಗೇಟಿನ ಮೇಲಿಂದ ಧೈರ್ಯ ಹೇಳಿದ. ಎವರಿಸ್ತೊ ಹೊರಗಡೆ ಗೇಟಿನ ಸರಳಿಗೆ ಹಣೆ ಒತ್ತಿ ನಿಂತಿದ್ದ. ದೋನ್ ಅನ್ಸೆಲ್ಮೊರ ಭಾಷಣ ಉದ್ದವಾಯಿತು. ನಡುವೆ ಒಮ್ಮೆ ಎವರಿಸ್ತೊ ಕುಸಿದು ಕೂತ. ವಿದೇಶಿಯರಿಗೆ ನಮ್ಮ ಬಿಸಿಲು ಒಗ್ಗುವುದಿಲ್ಲ ಎಂದು ದೋನ್ ಅನ್ಸೆಲ್ಮೊ ವಿವರಿಸಿ, ಮುಂದುವರಿಸಿದರು.

ಕೊನೆಗೂ ಪಟ್ಟಿ ಕತ್ತರಿಸಿ ಗೇಟು ತೆರೆದರು. ತ್ರಿನಿ ಅವನಿಗೆ ‘ಗೌರವ ವಿದೇಶಿ’ ಎಂಬ ಚೀಟಿ ಕೊಟ್ಟ. ದೇಶ ಎಂಬಲ್ಲಿ ಏನು ಬರೆಯುವುದೆಂದು ಚರ್ಚೆಯಾಯಿತು. ಮೆಕ್ಸಿಕೊ ಎನ್ನುವಂತಿಲ್ಲ, ಅಮೆರಿಕ ಅಂದರೆ ಅವರು ಸುಮ್ಮನಿರುವುದಿಲ್ಲ. ‘ಹೊರಗಿನದು’ ಎಂದು ಬರೆದರು. ಕರೆಯುವವನಿಲ್ಲದೆ ರೋಗಿ ಕುರ್ಚಿಗೆ ಹೋಗುವಂತಿಲ್ಲವಾದ್ದರಿಂದ ತ್ರಿನಿಯೇ ಅವನ ಹೆಗಲ ಮೇಲೆ ಕೈಹಾಕಿ, ನೋವಿಲ್ಲ ಗೆಳೆಯಾ, ಒಳ್ಳೇ ರೇಟು ಅಂತ ಹೇಳುತ್ತಾ ಒಬ್ದುಲಿಯಾಳ ಬಾಗಿಲಿಗೆ ಕರೆದೊಯ್ದ. ಕರೆದ ಪಾಲನ್ನೂ ಅವನೇ ಇಟ್ಟುಕೊಂಡ. ಅದು ನ್ಯಾಯವೇ.

ವಿದೇಶಿ ರೋಗಿಯೊಂದಿಗೆ ಡಾಕ್ಟರು ಇಂಗ್ಲಿಷಿನಲ್ಲೇ ಮಾತಾಡಬೇಕು, ಒಪ್ಪಿಗೆಯನ್ನೂ ಇಂಗ್ಲಿಷಿನಲ್ಲೇ ಪಡೆಯಬೇಕು. ತ್ರಿನಿ ನಿರೀಕ್ಷಕನಾಗಿ ಬಾಗಿಲಲ್ಲಿ ನಿಂತಿದ್ದ. ಒಬ್ದುಲಿಯಾ ಕೈಗವಸು ಹಾಕಿಕೊಂಡು, ಒಂದೇ ಬೆಂಚಿನ ಗೆಳೆಯನನ್ನು ಇಂಗ್ಲಿಷಿನಲ್ಲಿ ಕೇಳಿದಳು, ಎಲ್ಲಿ ನೋವು ಅಂತ.

ಎವರಿಸ್ತೊನಿಗೆ ಬರುತ್ತಿದ್ದದ್ದು ಮೂರು ಮಾತು. ಅವನು ಒಂದು ಕಣ್ಣಲ್ಲೇ ಅವಳನ್ನು ನೋಡಿದ.

"ನೋವಿಲ್ಲ ಗೆಳೆಯಾ," ಅಂದ.

ಅವಳು ನೋವಿಲ್ಲ ಎಂದು ಬರೆದುಕೊಂಡಳು. ಬರೆಯುವಾಗ ಅವಳ ಕಣ್ಣು ತುಂಬಿತು. ಬಾಗಿಲ ಕಡೆ ಬೆನ್ನು ಮಾಡಿ, ಬಗ್ಗಿ, ಅವರ ಸ್ವಂತ ಭಾಷೆಯಲ್ಲಿ ಅವನ ಕಿವಿಯಲ್ಲಿ, ಕತ್ತೆ, ನನ್ನ ಕೋಟು ಗಟ್ಟಿಯಾಗಿ ಹಿಡಿದುಕೊ ಅಂದಳು. ಹಲ್ಲು ಬಂತು, ಅದರ ಹಿಂದೆ ಕೀವೂ ಬಂತು. ಎವರಿಸ್ತೊ ಬದುಕಿದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಿತ್ತ ಜಾಗದಲ್ಲಿ ಹೊಸ ಹಲ್ಲು ನೆಡದೆ ನಗು ಪೂರ್ತಿಯಾಗುವುದಿಲ್ಲ, ನಗು ಪೂರ್ತಿಯಾಗದೆ ಬಿಲ್ಲೆ ಸಿಗುವುದಿಲ್ಲ, ಹಲ್ಲು ನೆಡಬೇಕಾದರೆ ಮೂಳೆ ಕೂಡಿಕೊಳ್ಳಲು ಆರು ತಿಂಗಳು ಬೇಕು. ಅಷ್ಟೂ ಕಾಲ ಅವನು ಚಿಕಿತ್ಸೆಯಲ್ಲಿರುವ ವಿದೇಶಿ ರೋಗಿ. ವಿದೇಶಿ ರೋಗಿಗಳು ಸಂಜೆ ಗೇಟು ಮುಚ್ಚುವುದರೊಳಗೆ ದೇಶ ಬಿಡಬೇಕು. ಎವರಿಸ್ತೊನ ಮನೆ ಇದ್ದದ್ದು ವಲಯದೊಳಗೆ, ಚರ್ಚಿನ ಹಿಂದೆ. ಹೊಲದಾಚೆ ಅವನ ಅಕ್ಕನ ಮನೆ ಇತ್ತು. ಅಂದು ಸಂಜೆ ದವಡೆಗೆ ಬಟ್ಟೆ ಕಟ್ಟಿಕೊಂಡು, ನಿಯೆವೆಸ್ ಕೊಟ್ಟ ಕಂಬಳಿ ಹೊದ್ದು, ದಕ್ಷಿಣದ ಗೇಟಿನಲ್ಲಿ ಮುದ್ರೆ ಒತ್ತಿಸಿಕೊಂಡು ತನ್ನ ದೇಶಕ್ಕೆ ಹೊರಟುಹೋದ.

ಅವನ ಹಿಂದೆಯೇ ಊರು ಹೊರಟಿತು. ಹಲ್ಲು ಯಾರಿಗಿಲ್ಲ? ಶಾಲೆಯ ಮೇಷ್ಟ್ರು, ಪಾದ್ರಿಗಳು, ಟೋರ್ಟಿಯ ಅಂಗಡಿಯವಳು, ಒಬ್ಬೊಬ್ಬರೇ ತಂತಿಯ ಕೆಳಗೆ ನುಸುಳಿ ಹೊರಬಿದ್ದು, ಗೇಟಿನಲ್ಲಿ ಗೌರವ ವಿದೇಶಿಯರಾಗಿ ಒಳಬಂದು, ಹುಳುಕು ತುಂಬಿಸಿಕೊಂಡು ಸಂಜೆ ವಾಪಸಾದರು. ತಂತಿಯ ಕೆಳಗಿನ ಆ ಜಾಗದಲ್ಲಿ ನೆಲ ಸವೆದು ದಾರಿಯಾಯಿತು. ಪುರಸಭೆ ಅಲ್ಲಿ ದೀಪ ಹಾಕಿಸಿತು. ಚಿಕಿತ್ಸೆಯಲ್ಲಿರುವವರೆಲ್ಲ ಹೊಲದಾಚೆ ಗುಡಿಸಲು ಹಾಕಿಕೊಂಡರು. ವಲಯದ ಅರ್ಧ ಮನೆಗಳು ಖಾಲಿಯಾಗಿ, ಅವುಗಳಲ್ಲಿ ಹೊಸ ದವಾಖಾನೆಗಳು ಬಂದವು. ವರ್ಷದ ಅತ್ಯುತ್ತಮ ಗಡಿ ಪಟ್ಟಣ ಎಂಬ ಫಲಕ ರಾಜಧಾನಿಯಿಂದ ಬಂತು. ನಿಯೆವೆಸಳ ಹಲ್ಲು ಮಾತ್ರ ಗಟ್ಟಿ. ಅವಳು ಒಳಗೇ ಉಳಿದಳು. ದಿನಾ ಮಧ್ಯಾಹ್ನ ಅವನು ಗಡಿ ದಾಟಿ ಬಂದು ಅವಳ ಗಾಡಿಯಲ್ಲಿ ಊಟ ಮಾಡಿ ಹೋಗುತ್ತಿದ್ದ.

ಡಿಸೆಂಬರಿನಲ್ಲಿ ಪೊಸಾದ ಬಂತು. ಮಾತೆ ಮರಿಯ, ಯೋಸೇಫರು ತಂಗಲು ಜಾಗ ಕೇಳುತ್ತಾ ಮನೆಮನೆ ಅಲೆದದ್ದನ್ನು ನೆನೆದು, ಕ್ರಿಸ್ತಜಯಂತಿಗೆ ಮುಂಚೆ ದಿನಕ್ಕೊಂದು ಮನೆಯ ಮುಂದೆ ಆಡುವ ಆಟ ಅದು. ಹೊರಗಿನವರು ಅವರಿಬ್ಬರ ಬೊಂಬೆ ಹಿಡಿದು ಜಾಗ ಕೊಡಿ ಎಂದು ಹಾಡಬೇಕು, ಒಳಗಿನವರು ಆಗುವುದಿಲ್ಲ ಹೋಗಿ ಎಂದು ಹಾಡಬೇಕು. ಮತ್ತೆ ಕೇಳಬೇಕು, ಮತ್ತೆ ಇಲ್ಲ ಅನ್ನಬೇಕು. ಕಡೆಗೆ ಗುರುತು ಸಿಕ್ಕಂತೆ ಮಾಡಿ ಒಳಗಿನವರು ಬಾಗಿಲು ತೆಗೆಯಬೇಕು. ಆಮೇಲೆ ಊಟ, ಎಲೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟಿನ ತಮಾಲೆ. ಆಟದ ಮೊದಲ ದಿನ ಎವರಿಸ್ತೊನ ಮನೆಯ ಸರದಿ. ಅವನ ಅಪ್ಪನ ಕಾಲದಿಂದ ಆ ದಿನ ಅವರದ್ದೇ.

ಗೇಟು ಮುಚ್ಚುವ ಮೊದಲೇ ಮುಗಿಸಬೇಕಾದ್ದರಿಂದ ಆಟ ಮಧ್ಯಾಹ್ನವೇ, ಮನೆ ಬಾಗಿಲಿನ ಬದಲು ದಕ್ಷಿಣದ ಗೇಟಿನಲ್ಲೇ ಶುರುವಾಯಿತು. ಹಲ್ಲು ಕಟ್ಟಿಸಿಕೊಂಡವರೆಲ್ಲ ಗೇಟಿನ ಹೊರಗೆ, ಮುಂದೆ ಎವರಿಸ್ತೊ ಬೊಂಬೆ ಹಿಡಿದು. ಹಲ್ಲು ಗಟ್ಟಿಯಿದ್ದವರು ಒಳಗೆ, ಮುಂದೆ ನಿಯೆವೆಸ್. ನಡುವೆ ಮೇಜು ಹಾಕಿಕೊಂಡು ತ್ರಿನಿ. ಹೊರಗಿನವರು ಹಾಡಿದರು. ಪ್ರತಿ ವರ್ಷಕ್ಕಿಂತ ಈ ವರ್ಷ ಚೆನ್ನಾಗಿ ಹಾಡಿದರು ಎಂದು ಎಲ್ಲರೂ ಒಪ್ಪಿದರು. ನಿಯೆವೆಸ್ ಒಳಗಿನಿಂದ ಆಗುವುದಿಲ್ಲ ಹೋಗಿ ಎಂದು ಹಾಡುವಾಗ ಎರಡು ಸಲ ಸಾಲು ತಪ್ಪಿದಳು. ಕಡೆಯ ಸಲ ಹಾಡಿ ಮುಗಿದು, ಬಾಗಿಲು ತೆಗೆಯುವ ಹೊತ್ತು ಬಂತು.

ತ್ರಿನಿ ಮುದ್ರೆ ಎತ್ತಿಕೊಂಡ.

"ಬಂದ ಉದ್ದೇಶ?"

"ಮನೆಗೆ," ಅಂದ ಎವರಿಸ್ತೊ.

ತ್ರಿನಿ ಹಾಳೆ ನೋಡಿದ. ತಿರುಗಿಸಿ ಹಿಂದಿನ ಪುಟವನ್ನೂ ನೋಡಿದ. ಹುಡುಕುವುದರಲ್ಲಿ ಅವನು ಮೋಸ ಮಾಡಲಿಲ್ಲ.

"ಆ ಕಲಂ ಇಲ್ಲ ಕಣೋ ಕಂಪಾದ್ರೆ."

ಬೊಂಬೆಗಳು ಎವರಿಸ್ತೊನ ಕೈಯಲ್ಲಿದ್ದವು. ಸರಳಿನಾಚೆ ನಿಯೆವೆಸ್ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು.

"ಹಲ್ಲು ಅಂದ್ಬಿಡು ಮಾರಾಯಾ," ಅಂದಳು. "ತಮಾಲೆ ಆರಿಹೋಗ್ತಿದೆ."

"ಹಲ್ಲು," ಅಂದ ಎವರಿಸ್ತೊ.

ಮುದ್ರೆ ಬಿತ್ತು, ಗೇಟು ತೆರೆಯಿತು, ಎರಡೂ ಕಡೆಯವರು ಒಟ್ಟಿಗೆ ಹಾಡುತ್ತಾ ಒಳಗೆ ನಡೆದರು. ಎವರಿಸ್ತೊ ತನ್ನ ಅಂಗಳದಲ್ಲಿ, ತನ್ನ ಕುರ್ಚಿಯಲ್ಲಿ ಕೂತು, ಎಡಗಡೆಯ ಹಲ್ಲಿನಿಂದ ಹೊಟ್ಟೆ ತುಂಬ ತಮಾಲೆ ತಿಂದ. ಜಗಲಿಯ ಹಂಚೊಂದು ಜರುಗಿದ್ದನ್ನು ಹತ್ತಿ ಸರಿಮಾಡಿದ. ವೆಂಡೆಲ್ ಕೂಡ ಬಂದಿದ್ದ, ಅವನೂ ತಿಂದ.

ಗೇಟಿನ ಗಂಟೆ ಹೊಡೆಯಿತು. ವೆಂಡೆಲ್ ಎದ್ದು ಉತ್ತರಕ್ಕೆ ಹೊರಟ. ಎವರಿಸ್ತೊ ಎದ್ದು ಬಾಗಿಲವರೆಗೆ ಬಂದು, ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತ. ಆಚೆಯವರು ಹೊರಡುವಾಗ ಹೇಳುವುದನ್ನು ಇಷ್ಟು ವರ್ಷ ಗೇಟಿನಲ್ಲಿ ಕೇಳಿಸಿಕೊಂಡಿದ್ದ. ಅದೇ ನೆನಪಿಗೆ ಬಂತು.

"ನಿಮ್ಮ ದೇಶ ತುಂಬ ಚೆನ್ನಾಗಿದೆ," ಅಂದ. "ಜನ ಒಳ್ಳೆಯವರು."

ನಿಯೆವೆಸ್ ಅವನ ಕಂಬಳಿ ಸರಿಯಾಗಿ ಹೊದಿಸಿದಳು. ಬೀದಿಯ ತುದಿಯಲ್ಲಿ ತ್ರಿನಿ ನಿಂತು ನೋಡುತ್ತಿದ್ದ. ಅವಳು ಪ್ರಕಟಣೆಯಲ್ಲಿದ್ದ ಹಾಗೆಯೇ ನಗುಮೊಗ ಮಾಡಿಕೊಂಡಳು.

"ಮತ್ತೆ ಬನ್ನಿ," ಅಂದಳು.